ಉಲ್ಟಾ ದಿನ

ಊರಿಗೆಲ್ಲ ರಜೆ ಬಂದರೆ ನಮಗೆ ಮೈಮುರಿಯುವ ಕೆಲಸ, ಊರಿನ ರಜೆ ಮುಗಿದರೆ ನಮಗೆ ರಜೆ. ಹೋಟೆಲಿನಲ್ಲಿ ಹುಟ್ಟಿ ಬೆಳೆದವರ ಹಣೆಬರಹವೇ ಹೀಗೆ. ಅಪ್ಪ ಇಲ್ಲಿ ಅಡುಗೆಯವನಾಗಿದ್ದ, ಅಮ್ಮ ಬಟ್ಟೆ ಒಗೆಯುತ್ತಿದ್ದಳು, ನಾನು ಹಾಸಿಗೆ ಹೊದಿಕೆಗಳ ಉಸ್ತುವಾರಿ ನೋಡುತ್ತಾ ಮುದುಕಿಯಾಗುತ್ತಾ ಬಂದೆ. ಜಾಹೀರಾತಿನಲ್ಲಿ ಈ ಜಾಗವನ್ನು ಸರೋವರದ ದಂಡೆಯ ಸ್ವರ್ಗ ಎಂದು ಬರೆಯುತ್ತಾರೆ. ನಮ್ಮ ಬಾಯಲ್ಲಿ ಅದು ಬರೀ ಕೆರೆ. ಸ್ವರ್ಗ ಹೇಗಿದೆ ಎಂದು ತಿಳಿಯಬೇಕಾದರೆ ಅಲ್ಲಿನ ಚಾದರ ಒಗೆದವರನ್ನು ಕೇಳಬೇಕು.

ಎಲೆ ಉದುರಲು ಶುರುವಾದರೆ ಅತಿಥಿಗಳು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡುತ್ತಾರೆ. ಚಳಿಗಾಲದಲ್ಲಿ ಕೆರೆಯ ಮೇಲಿಂದ ಬರುವ ಗಾಳಿಗೆ ಯಾರ ದಾಕ್ಷಿಣ್ಯವೂ ಇಲ್ಲ, ಹಾಗಾಗಿ ವಸಂತದವರೆಗೆ ಹೋಟೆಲಿಗೆ ಬೀಗ. ಬೀಗ ಹಾಕುವ ಮುಂಚಿನ ಆ ಕೆಲವು ದಿನಗಳೇ ನನಗೆ ಇಷ್ಟವಾದ ಕೆಲಸದ ದಿನಗಳು. ಪರದೆಗಳನ್ನು ಇಳಿಸಬೇಕು. ಕಂಬಳಿಗಳನ್ನು ಹಗ್ಗದ ಮೇಲೆ ಹರವಿ ಕೋಲಿನಿಂದ ಬಡಿಯಬೇಕು, ವರ್ಷವಿಡೀ ನುಂಗಿಕೊಂಡ ಸಿಟ್ಟನ್ನೆಲ್ಲ ಅಲ್ಲಿ ತೀರಿಸಿಕೊಳ್ಳಬಹುದು. ಹಾಸಿಗೆಗಳನ್ನು ಗೋಡೆಗೆ ಒರಗಿಸಿ ನಿಲ್ಲಿಸಬೇಕು, ಕಪಾಟುಗಳಲ್ಲಿ ನುಸಿಗುಳಿಗೆ ಇಡಬೇಕು, ನೀರು ಹೆಪ್ಪುಗಟ್ಟಿ ಪೈಪು ಒಡೆಯದ ಹಾಗೆ ಮೇಲಿನ ಮಹಡಿಯ ನಲ್ಲಿಗಳನ್ನೆಲ್ಲ ಬಸಿಯಬೇಕು. ಕೊನೆಗೆ ಕುರ್ಚಿಗಳಿಗೆ ಬಿಳಿ ಗವಸು ಹಾಕಿದರೆ ಕೆಲಸ ಮುಗಿಯಿತು.

ಅದಾದ ಮಾರನೆಯ ದಿನವೇ ಉಲ್ಟಾ ದಿನ.

ಇದನ್ನು ಶುರುಮಾಡಿದ್ದು ಹಳೆಯ ಧಣಿ. ಪುಣ್ಯಾತ್ಮ, ಸಿಡುಕನಾದರೂ ಕರುಳಿದ್ದ ಮನುಷ್ಯ. ವರ್ಷವೆಲ್ಲ ಇನ್ನೊಬ್ಬರಿಗೆ ಬಡಿಸಿದವರು ಒಂದು ದಿನವಾದರೂ ಬಡಿಸಿಕೊಂಡು ಉಣ್ಣಲಿ ಎಂದು, ಬೀಗ ಹಾಕುವ ಮುಂಚೆ ಒಂದು ದಿನ ಹೋಟೆಲನ್ನು ನಮಗೇ ಬಿಟ್ಟುಕೊಡುತ್ತಿದ್ದ. ಸರದಿಯ ಪ್ರಕಾರ ಕೆಲವರು ಅತಿಥಿಗಳಾಗಬೇಕು, ಉಳಿದವರು ಅವರ ಸೇವೆ ಮಾಡಬೇಕು. ಈ ವರ್ಷ ಅತಿಥಿಯಾದವರು ಮುಂದಿನ ವರ್ಷ ಏಪ್ರನ್ ಕಟ್ಟಬೇಕು. ಅತಿಥಿ ಮುಂದಿನ ಬಾಗಿಲಿನಿಂದಲೇ ಬರಬೇಕು, ಏನು ಬೇಕಾದರೂ ಬೆಲ್ ಒತ್ತಿಯೇ ಕೇಳಬೇಕು. ಸೇವೆ ಮಾಡುವವರು ಎಂದಿನಂತೆ ಹಿಂದಿನ ಬಾಗಿಲಿನಿಂದ.

ಮುಂದಿನ ಬಾಗಿಲು ನಮಗೆ ಎಂಥ ದೊಡ್ಡ ವಿಷಯ ಎಂಬುದು ಹೊರಗಿನವರಿಗೆ ತಿಳಿಯುವುದಿಲ್ಲ. ಉಳಿದ ದಿನಗಳಲ್ಲಿ ನಾವು ಆ ಮೆಟ್ಟಿಲು ತುಳಿಯುವಂತಿರಲಿಲ್ಲ. ಚಿಕ್ಕವನಿದ್ದಾಗ ಅಣ್ಣ ಒಮ್ಮೆ ಚೆಂಡಿನ ಹಿಂದೆ ಓಡಿ ಕೆಸರುಗಾಲಿನಲ್ಲಿ ಮುಂದಿನ ಬಾಗಿಲಿನಿಂದ ಒಳಗೆ ನುಗ್ಗಿದ್ದ. ಅಮ್ಮ ಅತಿಥಿಗಳ ಎದುರಿಗೇ ಅವನ ಕೆನ್ನೆಗೆ ಬಾರಿಸಿದಳು. "ಮುಂದಿನ ಬಾಗ್ಲು ಉಣ್ಣೋರಿಗೆ, ಹಿಂದಿನ ಬಾಗ್ಲು ಬಡಿಸೋರಿಗೆ, ತಲೇಲಿ ಇಟ್ಕೋ" ಎಂದಳು. ಅವನು ಇಟ್ಟುಕೊಂಡ. ಬಸ್ಸಿನಿಂದ ಇಳಿಯುವುದರಲ್ಲೂ ನಮಗೆ ಇದೇ ಮಡಿ. ಅತಿಥಿಗಳು ಮೇಲೆ ಗೇಟಿನ ಹತ್ತಿರ ಇಳಿಯುತ್ತಾರೆ. ನಾವು ಅದಕ್ಕೂ ಮುಂಚೆ ಕೆಳಗಿನ ತಿರುವಿನಲ್ಲಿ ಇಳಿದು, ಪೊದೆಗಳ ನಡುವಿನ ಕಾಲುದಾರಿ ಹತ್ತಿ ಹಿತ್ತಲಿಗೆ ಬರುತ್ತೇವೆ.

ಬೆಲ್ಲಿನ ವಿಷಯವನ್ನೂ ಹೇಳಬೇಕು. ಅಡುಗೆಮನೆಯ ಗೋಡೆಯ ಮೇಲೆ ಒಂದು ಮರದ ಹಲಗೆ, ಅದರಲ್ಲಿ ಸಾಲಾಗಿ ಬಿಳಿ ಬಿಲ್ಲೆಗಳು, ಒಂದೊಂದು ಕೋಣೆಗೆ ಒಂದೊಂದು. ಕೋಣೆಯಲ್ಲಿ ಗುಂಡಿ ಒತ್ತಿದರೆ ಇಲ್ಲಿ ಗಂಟೆ ಬಾರಿಸಿ ಆ ಕೋಣೆಯ ಬಿಲ್ಲೆ ಟಪ್ಪೆಂದು ಕೆಳಗೆ ಬೀಳುತ್ತದೆ. ಕೈಯಿಂದ ಮೇಲೆ ತಳ್ಳುವವರೆಗೂ ಹಾಗೇ ನೇತಾಡುತ್ತಿರುತ್ತದೆ. ಗಂಟೆ ಕೇಳಿಸದಿದ್ದರೂ ಯಾರು ಕರೆದರು ಎಂದು ಬಿಲ್ಲೆ ನೋಡಿದರೆ ತಿಳಿಯುತ್ತದೆ. ಸಾಲಿನ ಕೊನೆಯದು ಹಿಂದಿನ ಬಾಗಿಲಿನದು, ಹಾಲಿನವನಿಗೆ ತರಕಾರಿಯವನಿಗೆ. ಕರೆದವರ ಕೆಲಸ ಮಾಡಿ ಬಂದ ಮೇಲಷ್ಟೇ ಬಿಲ್ಲೆ ಮೇಲೆ ತಳ್ಳಬೇಕು ಎಂಬುದು ಅಪ್ಪನ ಕಾನೂನು. "ಕೆಲಸ ಆಗ್ದೆ ಬಿಲ್ಲೆ ಮುಟ್ಟಿದ್ರೆ ಕೈ ಮುರೀತೀನಿ" ಎಂದು ಸೌಟು ತೋರಿಸುತ್ತಿದ್ದ.

ಅಂಥ ಅಪ್ಪ ಉಲ್ಟಾ ದಿನ ಅತಿಥಿಯಾದರೆ ಪಾಪ, ಏನು ಕೇಳಬೇಕೆಂದೇ ಅವನಿಗೆ ತೋಚುತ್ತಿರಲಿಲ್ಲ. ಕೆರೆಯ ಕಡೆಯ ಮೂಲೆ ಕೋಣೆಯಲ್ಲಿ, ಪರೀಕ್ಷೆಗೆ ಕೂತವನ ಹಾಗೆ ಕುರ್ಚಿಯ ತುದಿಯಲ್ಲಿ ಕೂತು, ಬಹಳ ಯೋಚಿಸಿ ಬೆಲ್ ಒತ್ತಿ ಒಂದು ಲೋಟ ನೀರು ಕೇಳುತ್ತಿದ್ದ. ಅಮ್ಮನದು ಇನ್ನೂ ಚೆಂದ. ಹಾಸಿಗೆ ಮುದುರಿದರೆ ತಾನೇ ಒಗೆಯಬೇಕಲ್ಲ ಎಂದು ಅಂಚಿನಲ್ಲಿ ಕೋಲಿನ ಹಾಗೆ ಮಲಗಿ, ಎದ್ದ ಮೇಲೆ ಯಾರೂ ಮಲಗೇ ಇಲ್ಲ ಎಂಬಂತೆ ಹಾಸಿಗೆ ಸರಿಮಾಡಿ ಬರುತ್ತಿದ್ದಳು. ನಾನು ಮಾತ್ರ ಸಿಕ್ಕಿದ್ದೇ ಸೀರುಂಡೆ ಎಂದು ಅಣ್ಣನ ಪ್ರಾಣ ಹಿಂಡುತ್ತಿದ್ದೆ. ಅವನು ಅಪ್ಪನ ಏಪ್ರನ್ನನ್ನು ಎದೆಯವರೆಗೆ ಏರಿಸಿ ಕಟ್ಟಿಕೊಂಡು, ತೋಳಿನ ಮೇಲೆ ಟವೆಲು ಹಾಕಿಕೊಂಡು ಬಂದು ಬಗ್ಗಿ ನಿಲ್ಲುತ್ತಿದ್ದ.

"ಏನಪ್ಪಣೆ, ಮಹಾರಾಣಿಯವರೇ?"

"ಆ ಕಾಗೆ ಕೂಗ್ತಿದೆ. ನಿದ್ದೆ ಬರ್ತಿಲ್ಲ. ನಿಲ್ಸು."

ಅವನು ಗಂಭೀರವಾಗಿ ತಲೆಯಾಡಿಸಿ ಕೆಳಗೆ ಹೋಗಿ, ಮರದ ಕೆಳಗೆ ನಿಂತು ಕಾಗೆಯ ಹತ್ತಿರ ಏನೋ ಮಾತಾಡಿ, ಮತ್ತೆ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಬರುತ್ತಿದ್ದ. "ಹೇಳಿದೀನಿ ಮೇಡಂ. ನಾಳೆಯಿಂದ ಕೂಗಲ್ವಂತೆ. ಇವತ್ತಿಗೆ ಕ್ಷಮಿಸ್ಬೇಕಂತೆ." ನಾನು ನಕ್ಕು ನಕ್ಕು ಹಾಸಿಗೆಯಿಂದ ಉರುಳುತ್ತಿದ್ದೆ. ಅಷ್ಟು ನಗು ಆಮೇಲೆ ನನಗೆ ಯಾವ ಋತುವಿನಲ್ಲೂ ಬರಲಿಲ್ಲ.

ಅಪ್ಪ ಹೋದ. ಅಣ್ಣ ದೂರದ ಪಟ್ಟಣದಲ್ಲಿ ಪಾರ್ಸೆಲ್ ವಿಂಗಡಿಸುವ ಗೋದಾಮಿಗೆ ಸೇರಿದ. ಆದರೂ ವರ್ಷಕ್ಕೊಮ್ಮೆ ಉಲ್ಟಾ ದಿನಕ್ಕೆ ತಪ್ಪದೆ ಬರುತ್ತಿದ್ದ. ನಾವು ಮೂವರೂ ಸೇರಿದ ಕೊನೆಯ ಸಲ ನಾನು ಅತಿಥಿ, ಅವನು ಅಪ್ಪನ ಏಪ್ರನ್ನಿನಲ್ಲಿ. ಮೂಲೆ ಕೋಣೆಯಲ್ಲಿ ಕಾಲು ಚಾಚಿ ಚಹಾ ಕುಡಿಯುತ್ತಿದ್ದಾಗ ಕೆಳಗೆ ಅಮ್ಮ ಕೆಮ್ಮುವುದು ಕೇಳಿಸಿತು. ಒಂದು ಕೆಮ್ಮಲ್ಲ, ನಿಲ್ಲದ ಕೆಮ್ಮು. ನಾನು ಲೋಟ ಕೆಳಗಿಟ್ಟು ಓಡಿಬಂದೆ. ಅಮ್ಮ ಒಗೆಯುವ ಕಲ್ಲಿಗೆ ಒರಗಿ ಕೂತಿದ್ದಳು. ಉಸಿರು ತಿರುಗುವುದೇ ತಡ, ಬೈಯಲು ಶುರುಮಾಡಿದಳು. "ನೀನ್ಯಾಕೆ ಎದ್ದು ಬಂದೆ? ಅತಿಥಿ ತಾನಾಗೇ ಎದ್ದು ಬಂದ್ರೆ ಸರದಿ ಕೆಟ್ಟ ಹಾಗೆ. ಹೋಗು, ಮಲಕ್ಕೋ ಹೋಗು." ನಾನು ಹೋಗಲಿಲ್ಲ. ಆ ಚಳಿಗಾಲವನ್ನು ಅಮ್ಮ ದಾಟಲಿಲ್ಲ.

ಆಮೇಲೆ ಅಣ್ಣ ಬರುವುದು ತಪ್ಪಿತು. ಜಗಳವೇನೂ ಇಲ್ಲ. ನಮ್ಮ ಹೋಟೆಲು ಖಾಲಿಯಾಗುವ ಹೊತ್ತಿಗೇ ಅವನ ಗೋದಾಮು ತುಂಬುತ್ತದೆ, ಚಳಿಗಾಲದ ರಜೆಗೆ ಜನ ಒಬ್ಬರಿಗೊಬ್ಬರು ಉಡುಗೊರೆ ಕಳಿಸುವುದೆಲ್ಲ ಅವನ ಕೈ ದಾಟಿ ಹೋಗಬೇಕು. ಊರಿನವರ ಪ್ರೀತಿಯನ್ನೆಲ್ಲ ಹೊತ್ತುಹಾಕುವ ಇವನಿಗೆ ತಂಗಿಯನ್ನು ನೋಡಲು ರಜೆ ಸಿಗುವುದಿಲ್ಲ. ಪ್ರತಿ ವರ್ಷ ಬರುತ್ತೇನೆ ಎನ್ನುವನು, ಪ್ರತಿ ವರ್ಷ ಹಿಂದಿನ ದಿನ ಫೋನು ಮಾಡಿ ರಜೆ ರದ್ದಾಯಿತು ಎನ್ನುವನು. ನನಗೋ ಮೂಗಿನ ತುದಿಯಲ್ಲೇ ಕೋಪ, ಹೋಟೆಲಿನಲ್ಲಿ ನನ್ನನ್ನು ಮೆಣಸಿನಕಾಯಿ ಎಂದು ಕರೆಯುವುದು ಸುಮ್ಮನೆ ಅಲ್ಲ. ಹೋದ ವರ್ಷ ಅವನು ಹಾಗೆ ಹೇಳಿದಾಗ, "ಇನ್ಮೇಲೆ ನೀನು ಬಂದು ಬಾಗ್ಲು ಬಡ್ಕೊಂಡ್ರೂ ನಾನು ತೆಗಿಯಲ್ಲ, ಹೋಗು" ಎಂದು ಫೋನು ಕುಕ್ಕಿದೆ. ಬಾಯಿಗೆ ಬಂದದ್ದು ಆಡಿದೆ, ಅಷ್ಟೇ. ಮರುವಾರ ಮಾತಾಡುವಾಗ ಇಬ್ಬರೂ ಅದನ್ನು ಎತ್ತಲಿಲ್ಲ.

ಧಣಿಯೂ ತೀರಿಕೊಂಡ. ಹಳಬರು ಒಬ್ಬೊಬ್ಬರಾಗಿ ಚದುರಿಹೋದರು. ಈಗ ಬರುವವರು ಸೀಸನ್ನಿಗೆ ಬಂದು ಸಂಬಳ ಎಣಿಸಿಕೊಂಡು ಹೋಗುವ ಹುಡುಗ ಹುಡುಗಿಯರು, ಅವರಿಗೆ ಉಲ್ಟಾ ದಿನವೆಂದರೆ ನಗು. ನಾನು ಬಿಡಲಿಲ್ಲ. ಎಲ್ಲರೂ ಹೋದ ಮೇಲೆ ಮೂಲೆ ಕೋಣೆಗೆ ಹೋಗಿ ಬೆಲ್ ಒತ್ತುತ್ತಿದ್ದೆ, ನಾನೇ ಕೆಳಗಿಳಿದು ಚಹಾ ಮಾಡಿ ಮೇಲೆ ಹೊತ್ತು ತರುತ್ತಿದ್ದೆ, ನನಗೆ ನಾನೇ ಥ್ಯಾಂಕ್ಸ್ ಹೇಳಿಕೊಂಡು ಕುಡಿಯುತ್ತಿದ್ದೆ, ಆಮೇಲೆ ಮತ್ತೆ ಕೆಳಗಿಳಿದು ಬಿಲ್ಲೆ ತಳ್ಳುತ್ತಿದ್ದೆ. ಹುಚ್ಚಿ ಎನ್ನಿ. ಮಂಡಿನೋವು ಶುರುವಾದ ಮೇಲೆ ಅತಿಥಿಗಿಂತ ಸೇವಕಿಯೇ ಹೆಚ್ಚು ಗೊಣಗುತ್ತಿದ್ದಳು.

ಈ ವರ್ಷ ಹೋಟೆಲನ್ನು ಒಂದು ಕಂಪನಿ ಕೊಂಡುಕೊಂಡಿತು. ಚಳಿಗಾಲದಲ್ಲಿ ಒಳಗೆಲ್ಲ ಒಡೆದು ಹೊಸದಾಗಿ ಕಟ್ಟುತ್ತಾರಂತೆ, ಅಡುಗೆಮನೆ ಸಮೇತ. ನನ್ನ ಲೆಕ್ಕ ಚುಕ್ತಾ ಮಾಡಿ, ಬೀಗದ ಕೈ ಒಪ್ಪಿಸಿ ಹೋಗಿ ಎಂದರು. ನಾನು ಅಣ್ಣನಿಗೆ ಫೋನು ಮಾಡಿದೆ.

"ಇದೇ ಕೊನೇ ಉಲ್ಟಾ ದಿನ ಕಣೋ ಅಣ್ಣ. ಮುಂದಿನ ವರ್ಷ ನೀನು ಬಂದ್ರೂ ಬೆಲ್ ಇರಲ್ಲ, ನಾನೂ ಇರಲ್ಲ."

 ಅವನ ಹಿಂದೆ ಪಾರ್ಸೆಲ್ ಸಾಗಿಸುವ ಪಟ್ಟಿ ಓಡುವ ಸದ್ದು. "ಬರ್ತೀನಿ ಪುಟ್ಟಿ" ಎಂದ. ಐವತ್ತು ದಾಟಿದವಳನ್ನು ಪುಟ್ಟಿ ಎನ್ನಲು ಈ ಭೂಮಿಯ ಮೇಲೆ ಉಳಿದಿರುವವನು ಅವನೊಬ್ಬನೇ. "ಮಧ್ಯಾಹ್ನದ ಬಸ್ಸಿಗೆ ಬಂದು ಸಂಜೆ ಬಸ್ಸಿಗೆ ಹೊರಡ್ಬೇಕು. ಅಷ್ಟೇ ಬಿಡ್ತಾರೆ. ಆದ್ರೆ ಬಂದೇ ಬರ್ತೀನಿ."

"ಹೋದ್ವರ್ಷಾನೂ ಇದೇ ರಾಗ ಹಾಡಿದ್ದೆ."

"ಈ ಸಲ ನೋಡು."

ಅವನು ಬಂದಿದ್ದ ಕೊನೆಯ ಸಲ ಅತಿಥಿ ನಾನು, ಆದ್ದರಿಂದ ಈ ಸಲ ಅವನು. ಅದನ್ನು ಬಾಯಿಬಿಟ್ಟು ಹೇಳುವ ಅಗತ್ಯವೇ ನನಗೆ ಕಾಣಲಿಲ್ಲ. ಸರದಿಯ ವಿಷಯದಲ್ಲಿ ನಮ್ಮ ಮನೆಯವರು ಯಾರೂ ತಪ್ಪುವವರಲ್ಲ.

ಆ ದಿನ ಬೆಳಿಗ್ಗೆಯಿಂದ ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಗೋಡೆಗೆ ಒರಗಿಸಿದ್ದ ಹಾಸಿಗೆಯನ್ನು ಮತ್ತೆ ಇಳಿಸಿದೆ, ಗಂಟು ಕಟ್ಟಿದ್ದ ಒಳ್ಳೆಯ ಚಾದರ ಬಿಚ್ಚಿ ಹಾಸಿದೆ, ಮೊಟ್ಟೆ ಬೇಯಿಸಿದೆ, ಬ್ರೆಡ್ಡಿಗೆ ಬೆಣ್ಣೆ ಹಚ್ಚಿ ಮುಚ್ಚಿಟ್ಟೆ. ಅಪ್ಪನ ಏಪ್ರನ್ನಿಗಾಗಿ ಹುಡುಕಿದೆ, ಎಲ್ಲೂ ಸಿಗಲಿಲ್ಲ, ಅಮ್ಮನದನ್ನೇ ಕಟ್ಟಿಕೊಂಡೆ. ಗಾಳಿಗೆ ಬಡಿದುಕೊಳ್ಳುತ್ತಿದ್ದ ಹಿಂದಿನ ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿದೆ. ಮುಂದಿನ ಮೆಟ್ಟಿಲು ತೊಳೆದು, ದೊಡ್ಡ ಬಾಗಿಲಿನ ಎರಡೂ ಕದಗಳನ್ನು ಹಾರುಹೊಡೆದು, ಅಲ್ಲೇ ಮೆಟ್ಟಿಲ ಮೇಲೆ ಕೂತು ಕಾದೆ. ಮುಂದಿನ ಬಾಗಿಲಿನಲ್ಲಿ ಅವನನ್ನು ಬರಮಾಡಿಕೊಂಡು, "ಕಾಲು ಒರೆಸ್ಕೊಂಡು ಬಾ" ಎಂದು ಅಮ್ಮನ ಧ್ವನಿಯಲ್ಲಿ ಗದರಬೇಕು ಎಂದುಕೊಂಡಿದ್ದೆ.

ಬಸ್ಸು ಕೆಳಗಿನಿಂದ ಏರಿ ಬರುವ ಸದ್ದು ಕೇಳಿತು. ನಾನು ಎದ್ದು ಏಪ್ರನ್ ಸರಿಮಾಡಿಕೊಂಡೆ. ಬಸ್ಸು ಗೇಟಿನ ಹತ್ತಿರ ನಿಲ್ಲಲೇ ಇಲ್ಲ. ಸುಮ್ಮನೆ ದಾಟಿ ಹೋಯಿತು.

ಹೋಟೆಲಿನ ಫೋನನ್ನು ಆಗಲೇ ಕತ್ತರಿಸಿದ್ದರು. ಮೊಬೈಲು ಇಲ್ಲಿ ಸಿಗುವುದು ಗೇಟಿನಾಚೆ ಮೈಲಿಗಲ್ಲಿನ ಹತ್ತಿರ ಮಾತ್ರ. ಅಲ್ಲಿಗೆ ಹೋಗಿ ಅಣ್ಣನಿಗೆ ಕರೆ ಮಾಡಿದೆ. ನೀವು ಕರೆ ಮಾಡಿದವರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದಿತು ಆ ಹೆಂಗಸಿನ ಧ್ವನಿ. ಮತ್ತೆ ಮಾಡಿದೆ. ಮತ್ತೆ ಅದೇ. ಗೋದಾಮಿನ ನೆಲಮಾಳಿಗೆಯಲ್ಲಿ ಸಿಗ್ನಲ್ ಇರುವುದಿಲ್ಲ ಎಂದು ಅವನೇ ಹಿಂದೆ ಹೇಳಿದ್ದ. ಹಾಗಾದರೆ ಕೆಲಸದಲ್ಲಿದ್ದಾನೆ. ಈ ಸಲ ಫೋನು ಮಾಡಿ ನೆಪ ಹೇಳುವಷ್ಟು ಮರ್ಯಾದೆಯೂ ಇಲ್ಲ.

ಮೆಟ್ಟಿಲಿಗೆ ಬಂದು ಕೂತೆ. ಒಳಗೆ ಹೋಗಲು ಮನಸ್ಸಾಗಲಿಲ್ಲ. ಯಾವುದಾದರೂ ಲಾರಿ ಹತ್ತಿ ಬಂದರೆ, ನಡೆದೇ ಬಂದರೆ ಎಂದು ಕಣ್ಣು ಗೇಟಿನ ಕಡೆಯೇ. ಕೆರೆಯ ಗಾಳಿ ಎದ್ದಿತು, ತೊಳೆದ ಮೆಟ್ಟಿಲ ಮೇಲೆ ಎಲೆ ತಂದು ಸುರಿಯಿತು, ಗುಡಿಸಿದೆ, ಮತ್ತೆ ಸುರಿಯಿತು. ಮೊದಲು ಅವನನ್ನು ಬೈದೆ. ಆಮೇಲೆ ಗೋದಾಮನ್ನು, ಕಂಪನಿಯನ್ನು, ಸತ್ತುಹೋದ ಧಣಿಯನ್ನೂ ಬಿಡದೆ ಬೈದೆ. ಬೈಗುಳ ಮುಗಿದ ಮೇಲೆ ಅಳು ಬಂತು. ನನಗೆ ಯಾರೂ ಇಲ್ಲ ಎಂಬ ಮಾತನ್ನು ಅಷ್ಟು ವರ್ಷಗಳಲ್ಲಿ ಮೊದಲ ಸಲ ಜೋರಾಗಿ ಹೇಳಿ ನೋಡಿದೆ. ಸಂಜೆಯ ಬಸ್ಸು ಮೇಲಿನಿಂದ ಇಳಿದು ಬಂದು ದೀಪ ಹಚ್ಚಿಕೊಂಡು ಗೇಟು ದಾಟಿ ಕೆಳಗೆ ಹೋಯಿತು. ಕೆಳಗಿನ ತಿರುವಿನಲ್ಲಿ ಒಂದು ಕ್ಷಣ ನಿಂತ ಹಾಗೆ ಕೇಳಿಸಿತು. ಆಗಲೂ ನನಗೆ ಹೊಳೆಯಲಿಲ್ಲ.

ಮುಂದಿನ ಬಾಗಿಲು ಹಾಕಿ ಚಹಾ ಕಾಯಿಸಲು ಅಡುಗೆಮನೆಗೆ ಹೋದೆ. ದೀಪ ಹಾಕಿದೆ. ಹಲಗೆಯ ಮೇಲೆ ಸಾಲಿನ ಕೊನೆಯ ಬಿಲ್ಲೆ ಕೆಳಗೆ ಬಿದ್ದು ನೇತಾಡುತ್ತಿತ್ತು.

ಹಿಂದಿನ ಬಾಗಿಲು.

ಬೆಳಿಗ್ಗೆ ಹಲಗೆಯನ್ನು ಒರೆಸಿದವಳು ನಾನೇ, ಆಗ ಎಲ್ಲ ಬಿಲ್ಲೆಗಳೂ ಮೇಲಿದ್ದವು. ಇಲ್ಲಿನ ಗಂಟೆ ಮುಂದಿನ ಮೆಟ್ಟಿಲವರೆಗೆ ಕೇಳಿಸುವುದಿಲ್ಲ. ಅಗುಳಿ ತೆಗೆದೆ. ಹೊರಗೆ ಯಾರೂ ಇರಲಿಲ್ಲ. ಹಾಲಿನ ಕ್ಯಾನು ನೇತುಹಾಕುವ ಕೊಕ್ಕೆಯಲ್ಲಿ ಅಪ್ಪನ ಏಪ್ರನ್ ನೇತಾಡುತ್ತಿತ್ತು. ಒಗೆದು ಇಸ್ತ್ರಿ ಮಾಡಿತ್ತು. ಕಟ್ಟಿ ಬಿಚ್ಚಿದ ಸುಕ್ಕು ಲಾಡಿಯಲ್ಲಿ ಹಾಗೇ ಇತ್ತು.

ಮಂಡಿನೋವು ಎಲ್ಲಿ ಹೋಯಿತೋ, ಮೈಲಿಗಲ್ಲಿನವರೆಗೆ ಓಡಿದೆ. ಈ ಸಲ ಫೋನು ಹತ್ತಿತು. ಬಸ್ಸಿನ ಸದ್ದಿನ ನಡುವೆ ಅವನ ಧ್ವನಿ.

"ಪುಟ್ಟಿ? ಸಿಟ್ಟು ಇಳೀತಾ?"

"ಯಾವ ಸಿಟ್ಟೋ? ಮುಂದಿನ ಬಾಗ್ಲು ತೆಗ್ದಿಟ್ಕೊಂಡು ಮಧ್ಯಾಹ್ನದಿಂದ ಕಾಯ್ತಾ ಕೂತಿದ್ದೀನಿ! ಹಿಂದುಗಡೆ ಏನ್ ಮಾಡ್ತಿದ್ದೆ ನೀನು?"

 "ನಾನು ಮುಂದಿನ ಬಾಗ್ಲಿಂದ ಹೇಗೆ ಬರ್ಲಿ? ಇವತ್ತು ನಿನ್ ಸರದಿ."

"ನಂದು ಆಗಿದೆ. ಹೋದ ಸಲ ಆಯ್ತಲ್ಲ."

"ಎಲ್ಲಾಯ್ತು? ಅಮ್ಮ ಕೆಮ್ಮಿದ್ಲು ಅಂತ ಅರ್ಧಕ್ಕೆ ಎದ್ದು ಬಂದೆ. ಎದ್ರೆ ಸರದಿ ಕೆಡ್ತು ಅಂತ ಅಮ್ಮನೇ ಹೇಳ್ಲಿಲ್ವಾ? ನಿಂದು ಬಾಕಿ ಇದೆ ಅಂತ ನಾನು ಮರ್ತಿಲ್ಲ. ಅದಕ್ಕೇ ಅಪ್ಪನ ಏಪ್ರನ್ ತಗೊಂಡು ಹೋಗಿದ್ದೆ, ಅದಕ್ಕೇ ಇವತ್ತು ಬಂದೆ."

ನಾನು ಮೈಲಿಗಲ್ಲಿನ ಮೇಲೆ ಕೂತುಬಿಟ್ಟೆ.

"ಬೆಲ್ ಮಾಡ್ದೆ. ಬರ್ಲಿಲ್ಲ. ಮತ್ತೆ ಮತ್ತೆ ಮಾಡ್ದೆ. ಮೇಲೆ ಮಹಾರಾಣಿ ಹಾಗೆ ಮಲ್ಕೊಂಡು ಬೇಕಂತ್ಲೇ ಕಾಯಿಸ್ತಿದ್ದಾಳೆ ಅಂತ ಮೊದ್ಲು ನಗು ಬಂತು. ಆಮೇಲೆ... ಹೋದ್ವರ್ಷ ನೀನು ಹೇಳಿದ್ದು ನೆನಪಾಯ್ತು. ಬಡ್ಕೊಂಡ್ರೂ ತೆಗಿಯಲ್ಲ ಅಂದಿದ್ಯಲ್ಲ."

"ಅಯ್ಯೋ ಅದೊಂದು ಮಾತಾ!"

"ಇಷ್ಟು ವರ್ಷ ಬರ್ದೇ ಇದ್ದವ್ನಿಗೆ ಅದು ಮಾತೇ ಕಣೆ. ಸರಿಯಾಗೇ ಮಾಡಿದ್ಲು ಅಂದ್ಕೊಂಡೆ."

ಬಸ್ಸಿನಲ್ಲಿ ಯಾರೋ ಟಿಕೆಟ್ ಟಿಕೆಟ್ ಎಂದು ಕೂಗುತ್ತಿದ್ದರು. ಇಳಿದು ಬಾ ಎನ್ನಲು ನಾಲಿಗೆಯ ತುದಿಗೆ ಬಂದಿತ್ತು. ಬೆಳಗಿನ ಪಾಳಿಗೆ ಹೋಗದಿದ್ದರೆ ಅವನ ಕೆಲಸ ಹೋಗುತ್ತದೆ, ಈ ರಸ್ತೆಯಲ್ಲಿ ಇನ್ನೊಂದು ಬಸ್ಸೂ ಇಲ್ಲ. ಮುಂದೆ ನಾನು ಎಲ್ಲೋ, ಅವನು ಎಲ್ಲೋ. ನಾವಿಬ್ಬರೂ ಒಂದೇ ಮನೆಯ ಎರಡು ಬಾಗಿಲುಗಳಲ್ಲಿ, ಒಬ್ಬರನ್ನೊಬ್ಬರು ಉಪಚರಿಸಬೇಕೆಂದು ಇಡೀ ಮಧ್ಯಾಹ್ನ ಚಳಿಯಲ್ಲಿ ಕಾದಿದ್ದೆವು. ಯಾರನ್ನು ಬೈಯಬೇಕೆಂದೇ ತಿಳಿಯಲಿಲ್ಲ.

"ಪುಟ್ಟಿ, ಒಂದು ಮಾತು ಕೇಳು" ಎಂದ. "ಮೂಲೆ ರೂಮಿಗೆ ಹೋಗಿ ಮಲ್ಕೋ. ಬೆಲ್ ಮಾಡು. ಈ ಸಲ ಎದ್ದು ಬರ್ಬೇಡ."

"ಬೆಲ್ ಮಾಡಿದ್ರೆ ಬರೋದ್ಯಾರು?"

"ನಾನೇ. ಸ್ವಲ್ಪ ತಡ ಆಗ್ಬಹುದು ಮೇಡಂ."

ಮಾತು ಅಲ್ಲಿಗೇ ಕಡಿದುಹೋಯಿತು. ಬಸ್ಸು ಗುಡ್ಡದ ಆಚೆ ಬದಿಗೆ ಹೋಗಿರಬೇಕು.

ಅವನಿಗಾಗಿ ಹಾಸಿದ ಹಾಸಿಗೆಯಲ್ಲಿ ನಾನು ಮಲಗಿದೆ. ಅಮ್ಮನ ಹಾಗೆ ಅಂಚಿನಲ್ಲಲ್ಲ, ನಟ್ಟನಡುವೆ, ಚಾದರವೆಲ್ಲ ಮುದುರುವಂತೆ. ಬೆಲ್ ಒತ್ತಿದೆ. ಕೆಳಗೆ ಖಾಲಿ ಅಡುಗೆಮನೆಯಲ್ಲಿ ಗಂಟೆ ಬಾರಿಸಿ ನಿಂತಿತು. ಬಾಯಾರಿಕೆಯಾಗಿತ್ತು, ಹಸಿವೂ ಆಗಿತ್ತು. ಆದರೂ ಏಳಲಿಲ್ಲ.

ಬೆಳಿಗ್ಗೆ ಬೀಗದ ಕೈ ತೆಗೆದುಕೊಳ್ಳಲು ಕಂಪನಿಯವನು ಬಂದ. ಒಡೆಯಬೇಕಾದ ಗೋಡೆಗಳಿಗೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಾ ಅಡುಗೆಮನೆಗೆ ಬಂದು ಹಲಗೆಯ ಮುಂದೆ ನಿಂತ. ಎರಡು ಬಿಲ್ಲೆಗಳು ನೇತಾಡುತ್ತಿದ್ದವು, ಮೂಲೆ ಕೋಣೆಯದೊಂದು, ಹಿಂದಿನ ಬಾಗಿಲಿನದೊಂದು. "ಇದೇನ್ ಮೇಡಂ, ಹಳೇ ಕಾಲದ್ದು, ಕೆಟ್ಟೋಗಿದ್ಯಾ?" ಎನ್ನುತ್ತಾ ಮೇಲೆ ತಳ್ಳಲು ಬೆರಳು ಚಾಚಿದ.

ನಾನು ಅವನ ಕೈಗೆ ಪಟ್ಟನೆ ಹೊಡೆದೆ.

"ಮುಟ್ಬೇಡಿ. ಕರೆದವ್ರ ಕೆಲ್ಸ ಇನ್ನೂ ಆಗಿಲ್ಲ."